ಆಪ್‌ನಲ್ಲಿ ಒಂದು, ರೂಟರ್‌ನಲ್ಲಿ ಇನ್ನೊಂದು: ಕೊನೆಗೂ ಹಿಡಿತಕ್ಕೆ ತಂದದ್ದು ಹೀಗೆ

ರೂಟರ್ ಪುಟಕ್ಕೆ ಹೋಗಿ ವೈಫೈ ಹೆಸರು, ಪಾಸ್‌ವರ್ಡ್ ಬದಲಿಸಿದರೆ ಒಂದೆರಡು ದಿನದಲ್ಲಿ ತಾನಾಗಿಯೇ ಹಳೆಯದಕ್ಕೆ ಮರಳುತ್ತದೆ. ಕಂಪನಿಯ ಆಪ್‌ನಲ್ಲಿ ನೋಡಿದರೆ ಅಲ್ಲಿ ಹಳೆಯದು ಹೋಗಿಯೇ ಇರುವುದಿಲ್ಲ. ಫೈಬರ್ ಹಾಕಿಸಿಕೊಂಡವರಲ್ಲಿ ಎಷ್ಟೋ ಮಂದಿ ಇದರ ಸಹವಾಸವೇ ಬೇಡವೆಂದು ಡಬ್ಬಿಯ ಅಡಿಯಲ್ಲಿ ಅಂಟಿಸಿದ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದಾರೆ. “ಬ್ರಿಡ್ಜ್ ಮಾಡಿದರೆ ನೆಟ್ಟೇ ಬರುವುದಿಲ್ಲ ಸಾರ್” ಎಂದಿದ್ದ ಲೈನ್ ಹುಡುಗ. ಬ್ರಿಡ್ಜ್ ಎಂದರೆ ಕಂಪನಿಯ ಡಬ್ಬಿ ಲೈನನ್ನು ದಾಟಿಸುವುದಷ್ಟೇ, ರೂಟರ್ ಕೆಲಸವೆಲ್ಲ ನಮ್ಮದೇ ರೂಟರಿನದು. “ತಲೆ ಕೆಡಿಸಿಕೊಳ್ಳಬೇಡಿ ಭಾವ, ಒಂದು ಮೆಶ್ (ಮನೆಯೆಲ್ಲ ವೈಫೈ ಹರಡುವ ರೂಟರ್ ಗುಂಪು) ತೆಗೆದುಕೊಳ್ಳಿ” ಎಂದಿದ್ದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಭಾಮೈದ. ಇಬ್ಬರೂ ಈಗ ನಮ್ಮ ಮನೆಗೆ ಬಂದಾಗ ನಾನಿಟ್ಟ ಪಾಸ್‌ವರ್ಡ್ ಕೇಳಿಯೇ ಫೋನ್ ಜೋಡಿಸುತ್ತಾರೆ.

ನಮ್ಮದು ಶಿರಸಿ ಕಡೆಯ ಹಳ್ಳಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದದ್ದಕ್ಕೆ ಲೆಕ್ಕವಿಲ್ಲ. ಪ್ರತಿ ಸಲ ಕರೆಂಟ್ ಬಂದಾಗಲೂ ಹಳೆಯ ಹೆಸರೇ ಮರಳಿ ಕ್ಯಾಮೆರಾ, ಪ್ರಿಂಟರ್, ಟಿವಿ ಎಲ್ಲವೂ ಹೊರಗೆ. ಮೊದಲು ಮಾಡಿಸಿದ್ದು ಎಲ್ಲರೂ ಮಾಡಿಸುವ ರೀಸೆಟ್. ಲೈನ್ ಹುಡುಗನಿಗೆ ಮುನ್ನೂರು ರೂಪಾಯಿ. ಆಮೇಲೆ ಓಎನ್‌ಟಿಯನ್ನೇ, ಎಂದರೆ ಫೈಬರ್ ಬಂದು ಸೇರುವ ಕಂಪನಿಯ ಡಬ್ಬಿಯನ್ನೇ, ಬದಲಿಸಿಕೊಟ್ಟರು. ಹೊಸದೂ ಅದೇ ರಾಗ ಹಾಡಿತು. ಎಂಟುನೂರಕ್ಕೆ ಸಿಕ್ಕ ಹಳೆಯ ರೂಟರನ್ನು ಅದರ ಹಿಂದೆ ಕೂರಿಸಿದೆ. ಪಾಸ್‌ವರ್ಡ್ ಉಳಿಯಿತು, ಆದರೆ ಎರಡು ಕಡೆ ನ್ಯಾಟ್ (ಮನೆಯ ಎಲ್ಲ ಸಾಧನಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುವ ಕೆಲಸ) ಆಗಿ ಮಕ್ಕಳ ಆಟ, ಕಚೇರಿಯ ಜಾಲಕ್ಕೆ ಜೋಡಿಸುವ ವಿಪಿಎನ್ ಎರಡೂ ತಕರಾರು ತೆಗೆದವು. ಕರೆಂಟ್ ಹೋಗುವುದೇ ರೋಗವಿರಬಹುದೆಂದು ಸಾವಿರದ ಮುನ್ನೂರೋ ನಾನ್ನೂರೋ ಕೊಟ್ಟು 12 ವೋಲ್ಟಿನ ಚಿಕ್ಕ ಯುಪಿಎಸ್ ತಂದೆ. ಹತ್ತಿರ ಹತ್ತಿರ ಎರಡು ವಾರ ಎಲ್ಲವೂ ಸರಿಯಿತ್ತು. ಗೆದ್ದೆ ಎಂದುಕೊಂಡಿದ್ದಾಗ ಒಂದು ಬೆಳಿಗ್ಗೆ ಮತ್ತೆ ಹಳೆಯ ಹೆಸರು. ಆ ಯುಪಿಎಸ್ ಮಾತ್ರ ದಂಡವಾಗಲಿಲ್ಲ. ಮೂರು ತಾಸು ಆರಾಮಾಗಿ ಎಳೆಯುತ್ತದೆ. ಇನ್ವರ್ಟರ್ ಇಲ್ಲದವರು ತಂದಿಟ್ಟುಕೊಳ್ಳಿ.

ಕಳ್ಳ ಸಿಕ್ಕಿಬಿದ್ದದ್ದು ಒಂದು ಸಣ್ಣ ಪರೀಕ್ಷೆಯಲ್ಲಿ. ಹೆಸರು, ಪಾಸ್‌ವರ್ಡ್ ಬದಲಿಸಿದೆ, ಹಸಿರು ಕನೆಕ್ಟರ್ ಎಳೆದು ಫೈಬರ್ ಬಿಡಿಸಿದೆ, ಆಮೇಲೆ ಸ್ವಿಚ್ ಆರಿಸಿ ಹಾಕಿದೆ. ಕೆಂಪು ದೀಪ ಮಿನುಗುತ್ತಿತ್ತು, ಆದರೆ ವೈಫೈ ನಾನಿಟ್ಟ ಹೆಸರಿನಲ್ಲೇ ಇತ್ತು. ಅರ್ಧ ಗಂಟೆ ಬಿಟ್ಟರೂ ಅದೇ. ಕನೆಕ್ಟರ್ ಮತ್ತೆ ಸಿಕ್ಕಿಸಿದೆ. ಫೈಬರ್ ಸಂಪರ್ಕ ತೋರಿಸುವ ಪಾನ್ ದೀಪ ಹಸಿರಾಗಿ ನಿಂತು ಎರಡು ಮೂರು ನಿಮಿಷ ಆಗಿರಬೇಕು, ಕೈಯಲ್ಲಿದ್ದ ಫೋನ್ ಕಡಿದುಹೋಯಿತು. ಪಟ್ಟಿಯಲ್ಲಿ ಹಳೆಯ ಹೆಸರು ಪ್ರತ್ಯಕ್ಷ. ಡಬ್ಬಿ ಮರೆಯುತ್ತಿರಲಿಲ್ಲ, ಆಚೆಯಿಂದ ಬರೆಯುತ್ತಿದ್ದರು. ಓಎನ್‌ಟಿ ಪುಟದ ವ್ಯಾನ್ (ಹೊರ ಸಂಪರ್ಕಗಳ) ಪಟ್ಟಿಯಲ್ಲಿ ಇಂಟರ್ನೆಟ್ ಸಾಲಿನ ಮೇಲೆ ಬೇರೆಯದೇ ವಿಲ್ಯಾನ್ ಸಂಖ್ಯೆಯ (ಒಂದೇ ಲೈನಿನ ಸಂಚಾರವನ್ನು ಬೇರ್ಪಡಿಸುವ ಸಂಖ್ಯೆ) ಟಿಆರ್-069 ಸಾಲು ಕೂತಿತ್ತು; ಕಂಪನಿ ದೂರದಿಂದಲೇ ಡಬ್ಬಿಯನ್ನು ನಿಭಾಯಿಸುವ ವ್ಯವಸ್ಥೆ ಅದು. ಓಎನ್‌ಟಿ ಪ್ರತಿ ಸಲ ಏಳುವಾಗಲೂ, ನಡುನಡುವೆ ಗೊತ್ತಾದ ಅವಧಿಗೊಮ್ಮೆಯೂ ಅದು ಕಂಪನಿಯ ಸರ್ವರ್‌ಗೆ ವರದಿ ಒಪ್ಪಿಸುತ್ತದೆ; ಕಂಪನಿಯಲ್ಲಿರುವ ನನ್ನ ಖಾತೆಯಲ್ಲಿ ಏನಿದೆಯೋ ಅದನ್ನೇ ಸರ್ವರ್ ಇಲ್ಲಿ ಮೆತ್ತುತ್ತದೆ.

ಹಾಗಾದರೆ ಆ ಸಾಲನ್ನೇ ಅಳಿಸೋಣವೆಂದು ಹೊರಟೆ. 2016ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಸುಮಾರು 9 ಲಕ್ಷ ಮನೆಗಳ ರೂಟರ್ ಕೈಕೊಟ್ಟದ್ದು ಇದೇ ವ್ಯವಸ್ಥೆಯ 7547ನೇ ಪೋರ್ಟಿನ ಮೇಲೆ ನಡೆದ ದಾಳಿಯಿಂದ. ಆ ನೆಪವೂ ಇತ್ತು. ಅಳಿಸಲು ಮೇಲಿನ ಹಂತದ ಲಾಗಿನ್ ಬೇಕು. ಅದು ನನಗೆ ಹೇಗೆ ಸಿಕ್ಕಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಮುಚ್ಚಿಬಿಡುತ್ತಾರೆ. ಅಳಿಸಿದ ಮೇಲೆ ಆಪ್‌ನಲ್ಲಿ ‘ಸಾಧನ ಆಫ್‌ಲೈನ್’ ಎಂದು ಬಂತು, ಗ್ರಾಹಕ ಸೇವೆಯವರು ದೂರು ತೆಗೆದುಕೊಳ್ಳಲೂ ಒಪ್ಪಲಿಲ್ಲ, ಕೊನೆಗೆ ಆ ಸಾಲು ತಾನಾಗಿ ಮರಳಿ ಬಂದು ಕೂತಿತು.

ಆಗ ದಾರಿ ಬದಲಿಸಿದೆ. ಖಾತೆಯೇ ಯಜಮಾನ ಎಂದಾದರೆ ಬದಲಾಗಬೇಕಾದದ್ದು ಖಾತೆಯ ದಾಖಲೆ. ಅಲ್ಲಿ ನನ್ನ ಓಎನ್‌ಟಿ ರೂಟರ್ ಮೋಡ್‌ನಲ್ಲಿದೆ ಎಂದು ಬರೆದಿರುವವರೆಗೆ ಇಲ್ಲಿ ಏನು ಗುದ್ದಾಡಿದರೂ ನೀರಿನಲ್ಲಿ ಹೋಮ. ಅವರ ಕಡೆಯಿಂದಲೇ ಬ್ರಿಡ್ಜ್ ಎಂದು ಬರೆಸಿದರೆ ಅದೇ ಸರ್ವರ್ ನನ್ನ ಪರವಾಗಿ ಕಾವಲು ಕಾಯುತ್ತದೆ. ಫೋನಿನಲ್ಲಿ ಹೇಳಿದರೆ ಬ್ರಿಡ್ಜ್ ಎಂದರೇನೆಂದು ಯಾರಿಗೂ ಗೊತ್ತಾಗಲಿಲ್ಲ. ಓಎನ್‌ಟಿಯ ಸೀರಿಯಲ್ ಸಂಖ್ಯೆ, ಇಂಟರ್ನೆಟ್ ಸಾಲಿನ ವಿಲ್ಯಾನ್ ಸಂಖ್ಯೆ, ಯಾವ ಲ್ಯಾನ್ ಪೋರ್ಟ್ ಎಂಬುದು, ಎಲ್ಲವನ್ನೂ ನಾಲ್ಕು ಸಾಲಿನಲ್ಲಿ ಬರೆದು ಟಿಕೆಟ್ (ಸಂಖ್ಯೆ ಸಿಗುವ ಲಿಖಿತ ದೂರು) ಹಾಕಿದೆ. ಅದು ತಾಲ್ಲೂಕಿನ ಕಚೇರಿಯಲ್ಲಿ ವಿಷಯ ತಿಳಿದ ಒಬ್ಬರ ಕೈ ಸೇರುವವರೆಗೆ ಮೂರು ವಾರವಾದರೂ ಹಿಡಿದಿರಬೇಕು. ಸೇರಿದ ಮೇಲೆ ಹತ್ತು ನಿಮಿಷದ ಕೆಲಸ.

ಹೊಸ ರೂಟರ್ ಎರಡೂವರೆ ಸಾವಿರದ ಆಸುಪಾಸು. ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಲೈನಿಗೆ ಲಾಗಿನ್ ಆಗುವ ವಿಧಾನ) ಹಾಕಿದರೆ ಲಾಗಿನ್ ವಿಫಲ. ಕಂಪನಿಯ ಪೋರ್ಟಲ್‌ನಲ್ಲಿ ಪಾಸ್‌ವರ್ಡ್ ಬದಲಿಸಿ ಅದನ್ನೇ ಹಾಕಿದರೂ ವಿಫಲ, ಏಕೆಂದರೆ ಅದು ಬರೀ ಬಿಲ್ ಕಟ್ಟುವ ಪುಟದ ಬೀಗ. ಲೈನಿನ ಪಾಸ್‌ವರ್ಡ್ ಬೇರೆಯೇ, ಕಚೇರಿಯಲ್ಲಿ ಕೇಳಿ ಪಡೆಯಬೇಕು. ಪಡೆದು ಹಾಕಿದರೂ ಆಗಲಿಲ್ಲ: ಖಾತೆಗೆ ಹಳೆಯ ಸಾಧನದ ಮ್ಯಾಕ್ ವಿಳಾಸ (ಪ್ರತಿ ಸಾಧನದ ಗುರುತಿನ ಸಂಖ್ಯೆ) ಕಟ್ಟಿದ್ದರು. ಬಿಡಿಸಿಕೊಡಿ ಎಂದು ಇನ್ನೊಂದು ಟಿಕೆಟ್ ಹಾಕುವ ಬದಲು ಹೊಸ ರೂಟರ್‌ಗೆ ಅದೇ ಮ್ಯಾಕ್ ಕೊಟ್ಟೆ. ಆದರೂ ಮೊದಲ ಹತ್ತಿಪ್ಪತ್ತು ನಿಮಿಷ ಕಂಪನಿಯ ಕಡೆ ಹಳೆಯ ಲಾಗಿನ್‌ನ ಸೆಷನ್ ಜೀವ ಹಿಡಿದುಕೊಂಡಿತ್ತು, ಹೊಸದನ್ನು ಒಳಗೆ ಬಿಡಲಿಲ್ಲ. ಈ ಹಂತದಲ್ಲೇ ಬಹಳ ಮಂದಿ ಸೋತು ರೂಟರ್ ಮೋಡ್‌ಗೆ ವಾಪಸಾಗುತ್ತಾರೆ. ರೂಟರ್ ಆರಿಸಿ ಊಟ ಮುಗಿಸಿ ಬನ್ನಿ; ಪದೇಪದೇ ಒತ್ತಿದರೆ ಕಾಯುವುದು ಇನ್ನೂ ಉದ್ದವಾಗುತ್ತದೆ.

ಸುಮ್ಮನಿರಲಾರದೆ ಎಂಟಿಯು (ಒಂದು ಸಲಕ್ಕೆ ಕಳಿಸುವ ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) 1500 ಇಟ್ಟು ನೋಡಿದೆ. ಎಲ್ಲ ತೆರೆಯುತ್ತದೆ, ಒಂದೆರಡು ಬ್ಯಾಂಕಿನ ಪುಟಗಳು ಮಾತ್ರ ಅರ್ಧಕ್ಕೆ ನಿಲ್ಲುತ್ತವೆ. 1492ಕ್ಕೆ ಇಳಿಸಿದಾಗ ಸರಿಯಾಯಿತು. ತುಂಡಾಗದಂತೆ ಪಿಂಗ್ (ಪರೀಕ್ಷೆಯ ಪ್ಯಾಕೆಟ್) ಮಾಡಿದರೆ 1464 ದಾಟುತ್ತದೆ, 1465 ದಾಟುವುದಿಲ್ಲ; ಉಳಿದ 28 ಬೈಟ್ ಪ್ಯಾಕೆಟ್ಟಿನ ತಲೆಬರಹಕ್ಕೆ. ಪೋರ್ಟಲ್‌ನಲ್ಲಿ ಕಾಣುವ ಐಪಿ (ಇಂಟರ್ನೆಟ್ ವಿಳಾಸ), ರೂಟರ್‌ನಲ್ಲಿ ಕಾಣುವ ಐಪಿ ಬೇರೆ ಎಂದು ತಲೆ ಚಚ್ಚಿಕೊಳ್ಳುವವರಿದ್ದಾರೆ. ರೂಟರ್‌ನದು 100.64ರಿಂದ 100.127ರ ನಡುವೆ ಇದ್ದರೆ ಅದು ಸಿಜಿನ್ಯಾಟ್, ಎಂದರೆ ಕಂಪನಿಯೇ ಹಲವು ಮನೆಗಳನ್ನು ಒಂದೇ ಹೊರ ವಿಳಾಸದ ಹಿಂದೆ ಕೂರಿಸಿದೆ. ಹೊರಗಿನಿಂದ ಮನೆಯ ಸಾಧನ ತಲುಪಲು ಪೋರ್ಟ್ ಫಾರ್ವರ್ಡ್ ಮಾಡಿ ಪ್ರಯೋಜನವಿಲ್ಲ. ಸ್ಥಿರ ಐಪಿಗೆ ವರ್ಷಕ್ಕೆ ಎರಡು ಸಾವಿರದ ಮೇಲೆ ಕೇಳಿದರು, ನಾನು ಕೊಡಲಿಲ್ಲ. ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಮೇಲೆ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿ ತೋಟದ ಕ್ಯಾಮೆರಾ ನೋಡುತ್ತಿದ್ದೇನೆ. ಆ ಕಥೆ ಇನ್ನೊಮ್ಮೆ.

ಒಟ್ಟು ಖರ್ಚು ಐದು ಸಾವಿರದ ಹತ್ತಿರ. ಆಪ್‌ನಲ್ಲಿ ಹಳೆಯ ವೈಫೈ ಹೆಸರು ಈಗಲೂ ಇದೆ. ಅಲ್ಲಿಂದಲೇ ಅದನ್ನು ಆಫ್ ಮಾಡಿಟ್ಟಿದ್ದೇನೆ. ಒಂದು ಎಚ್ಚರಿಕೆ: ಪ್ಲ್ಯಾನ್ ಬದಲಿಸಿದಾಗ ದಾಖಲೆ ಮತ್ತೆ ರೂಟರ್ ಮೋಡ್‌ಗೆ ಜಾರಬಹುದು. ಈಚೆಗೆ ವೇಗ ಹೆಚ್ಚಿಸಿಕೊಂಡಾಗ ನನಗೂ ಹಾಗೆಯೇ ಆಯಿತು. ಹಳೆಯ ಟಿಕೆಟ್ ಸಂಖ್ಯೆ ಬರೆದಿಟ್ಟುಕೊಂಡಿದ್ದೆ, ಅದನ್ನು ಹೇಳಿದ್ದೇ ತಡ, ಸಂಜೆಯೊಳಗೆ ಬ್ರಿಡ್ಜ್‌ಗೆ ಮರಳಿಸಿಕೊಟ್ಟರು.