ಮಸಾರಿ ಹೊಲದ ಬದುವಿನಲ್ಲಿ ಗುಗ್ಗುಳ

ನಮ್ಮ ಗದಗ ಸೀಮೆಯಲ್ಲಿ ಮದುವೆಗೆ ಮುಂಚೆ ವೀರಭದ್ರನಿಗೆ ಗುಗ್ಗಳದ ಮೆರವಣಿಗೆ ತೆಗೆಯುವ ಮನೆಗಳು ಬಹಳ. ವೀರಭದ್ರನ ವೇಷ ಕಟ್ಟುವ ಪುರವಂತರು ಹೇಳುವ ಒಡಪು, ಸಮಾಳ ವಾದ್ಯದ ಸದ್ದು, ಗುಗ್ಗಳದ ಹೊಗೆ ಎಲ್ಲರಿಗೂ ಗೊತ್ತು. ಆದರೆ ಆ ಹೊಗೆಗೆ ಸುಡುವ ಅಂಟು ಕೊಡುವ ಗಿಡ ಕಂಡವರು ಎಷ್ಟು ಜನ?

ಗುಗ್ಗುಳ ಮುಳ್ಳಿನ ಪೊದೆ. ರಾಜಸ್ಥಾನ, ಗುಜರಾತಿನ ಒಣ ಗುಡ್ಡಗಳಲ್ಲಿ ಜಾಸ್ತಿ, ಕರ್ನಾಟಕದಲ್ಲೂ ಅಲ್ಲಲ್ಲಿ ಇದೆ. ಈಗ ಅಳಿವಿನ ಅಂಚಿಗೆ ಬಂದು ನಿಂತಿದೆ. ಗಿಡ ಅಂಟಿಗೆ ಬರಲು 8-10 ವರ್ಷ ಬೇಕು. ಜಾಸ್ತಿ ಅಂಟಿನ ಆಸೆಗೆ ಆಳವಾಗಿ ಕಚ್ಚು ಹಾಕಿ, ಗಾಯಕ್ಕೆ ರಾಸಾಯನಿಕ ಸವರುತ್ತಾರೆ. ಅಂಟು ಸುರಿಯುತ್ತದೆ, ಗಿಡ ಒಣಗುತ್ತದೆ.

ನಾನು ಕಡ್ಡಿಯಿಂದಲೇ ಬೆಳೆಸಿದೆ. ಬೇಸಿಗೆಯಲ್ಲಿ, ಎಲೆ ಉದುರಿ ಗಿಡ ಬೋಳಾಗಿದ್ದಾಗ, ಬೆರಳು ದಪ್ಪದ ಕಡ್ಡಿಗಳನ್ನು ಗೇಣುದ್ದ ಕತ್ತರಿಸಿದೆ. ಕತ್ತರಿಸಿದ ಕಡೆ ಹಾಲಿನಂಥ ರಸ ಒಸರುತ್ತದೆ. ಅದು ಆರುವವರೆಗೆ ನೆರಳಲ್ಲಿಟ್ಟು, ಆಮೇಲೆ ಮರಳು, ಕೆಂಪು ಮಣ್ಣು, ಸ್ವಲ್ಪ ಕಳಿತ ಗೊಬ್ಬರ ತುಂಬಿದ ಚೀಲಕ್ಕೆ ಊರಿದೆ. ನೀರು ಕಡಿಮೆಯೇ ಇರಬೇಕು, ಹಸಿ ಜಾಸ್ತಿಯಾದರೆ ಬುಡ ಕೊಳೆಯುತ್ತದೆ. ಹೀಗಾಗಿ ಕಪ್ಪು ಮಣ್ಣಿನ ಎರೆ ಹೊಲ ಬಿಟ್ಟು, ನೀರು ನಿಲ್ಲದ ಕೆಂಪು ಮಣ್ಣಿನ ಮಸಾರಿ ಹೊಲದ ಬದುವಿಗೆ ಮಳೆಗಾಲದ ಶುರುವಿನಲ್ಲಿ ಹಚ್ಚಿದೆ. ಕುಣಿಗೆ ಗೆದ್ದಲಿಗೆಂದು ಬೇವಿನ ಹಿಂಡಿ ಹಾಕಿದೆ. ಮೊದಲ ಬೇಸಿಗೆಗೆ ಆಗಾಗ ಒಂದು ಕೊಡ ನೀರು, ಆಮೇಲೆ ಅದೂ ಬೇಕಾಗಲಿಲ್ಲ.

ಈಗ ಕಾಂಡದ ತೊಗಟೆ ತೆಳು ಹಾಳೆಯಂತೆ ಸುಲಿಯುತ್ತದೆ. ಕೆಳಗೆ ಹಸಿರು ಮೈ. ಎಲೆ ಉಜ್ಜಿದರೆ ಘಮ್ಮೆನ್ನುತ್ತದೆ, ಟೊಂಗೆಯ ತುದಿ ಮುಳ್ಳಾಗಿ ಚುಚ್ಚುತ್ತದೆ. ಕೆಂಪು ಹೂವು ತೀರಾ ಸಣ್ಣದು, ಬಗ್ಗಿ ನೋಡಿದರೇ ಕಾಣುವುದು.

ಒಂದು ಮಾತು ಮುಖ್ಯ. ಈ ಜಾತಿಯಲ್ಲಿ ಗಂಡು ಗಿಡ ತೀರಾ ಅಪರೂಪ. ಹೆಣ್ಣು ಗಿಡವೇ ಪರಾಗದ ಹಂಗಿಲ್ಲದೆ ಬೀಜ ಕಟ್ಟುತ್ತದೆ. ಅಂದರೆ ಮರಿಗಳೆಲ್ಲ ತಾಯಿಯ ನಕಲು. ಒಂದೇ ಗಿಡದ ಕಡ್ಡಿಯಿಂದ ಇಡೀ ಬದು ತುಂಬಿಸಿದರೆ ಸಂಖ್ಯೆ ಹೆಚ್ಚುತ್ತದೆ, ತಳಿಯ ವೈವಿಧ್ಯ ಉಳಿಯುವುದಿಲ್ಲ, ಅಲ್ವಾ? ಅದಕ್ಕೇ ಬೇರೆ ಬೇರೆ ತಾಯಿಗಿಡಗಳ ಕಡ್ಡಿ ತಂದೆ, ಯಾವ ತಾಯಿಯದು ಎಂದು ತಿಳಿಯಲು ಒಂದೊಂದಕ್ಕೂ ತಗಡಿನ ಚೀಟಿ ಕಟ್ಟಿದೆ.

ನಾನು ಕಚ್ಚು ಹಾಕಿ ಅಂಟು ತೆಗೆಯುವುದಿಲ್ಲ. ಗಿಡದ ಮೈಮೇಲೆ ತಾನಾಗಿ ಒಸರಿ ಗಟ್ಟಿಯಾದದ್ದನ್ನು ಮಾತ್ರ ಬಿಡಿಸಿಕೊಳ್ಳುತ್ತೇನೆ. ಬೇಸಿಗೆಯಲ್ಲಿ ಟೊಂಗೆ ಸವರಿದಾಗ ಸಿಗುವ ಕಡ್ಡಿಗಳನ್ನು ವೀರಭದ್ರನ ಒಕ್ಕಲಿನವರಿಗೆ ಕೊಡುತ್ತಿದ್ದೇನೆ, ಆ ಚೀಟಿಯ ಸಮೇತ.