ಬಲಿಪೀಠದ ಹೂವು ಗೊಬ್ಬರವಾಗಲಿ

ಐದು ಸಾವಿರ ಜನ ಉಂಡು ತೃಪ್ತರಾದ ಮೇಲೆ ಯೇಸು ಶಿಷ್ಯರಿಗೆ ಹೇಳಿದ್ದು, ಉಳಿದ ತುಂಡುಗಳನ್ನು ಕೂಡಿಸಿರಿ, ಏನೂ ಹಾಳಾಗಬಾರದು ಎಂದು (ಯೋಹಾನ 6:12). ಈ ವಾಕ್ಯದ ಮೇಲೆ ಪ್ರಸಂಗ ಕೇಳಿದ ಭಾನುವಾರವೇ ಚರ್ಚಿನ ಬಲಿಪೀಠದ ಬಾಡಿದ ಹೂವನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಸಕ್ಕೆ ಹಾಕುವುದನ್ನು ಕಂಡು ಬೇಸರಪಟ್ಟಿದ್ದೇನೆ. ಉತ್ಸಾಹದಿಂದ ಗೊಬ್ಬರದ ತೊಟ್ಟಿ ಶುರುಮಾಡಿ, ಮೂರನೇ ವಾರಕ್ಕೆ ನಾತ ತಾಳಲಾರದೆ ಮುಚ್ಚಿದ ಸಭೆಗಳನ್ನೂ ಕಂಡಿದ್ದೇನೆ. ನಾನು ನೋಡಿದಲ್ಲೆಲ್ಲ ತಪ್ಪು ಒಂದೇ: ಒಣ ಎಲೆ ಇರಲಿಲ್ಲ.

ಯಾವಾಗ, ಎಲ್ಲಿ

ಈಸ್ಟರ್ ಮುಗಿದ ವಾರವೇ ಶುರುಮಾಡಿ. ವರ್ಷದಲ್ಲಿ ಅತಿ ಹೆಚ್ಚು ಹೂವು ಒಟ್ಟಿಗೆ ಸಿಗುವ ದಿನಗಳಲ್ಲಿ ಅದೂ ಒಂದು. ಹಲವು ಸಭೆಗಳು ಸೃಷ್ಟಿಯ ಕಾಲವೆಂದು (ದೇವರ ಸೃಷ್ಟಿಗಾಗಿ ಪ್ರಾರ್ಥಿಸಿ ಅದನ್ನು ಕಾಪಾಡುವ ಕಾಲ) ಆಚರಿಸುವ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ಅವಧಿಗೆ ಆಗ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಇರುತ್ತದೆ. ಗೊಬ್ಬರ ಮಾಗಲು ಅಷ್ಟು ಸಾಕು. ಮಣ್ಣಿನ ನೆಲ, ಅರ್ಧ ನೆರಳು, ಮಳೆ ನೀರು ನಿಲ್ಲದ ಜಾಗ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಎರಡು ತೊಟ್ಟಿ: ಒಂದು ಮಾಗುವಾಗ ಇನ್ನೊಂದನ್ನು ತುಂಬಲು.

ಬೇರ್ಪಡಿಸುವುದು

ತಂತಿ, ರಿಬ್ಬನ್, ಬಣ್ಣ ಎರಚಿದ ಹೂವು ಹೊರಗೆ. ಹೂವು ಚುಚ್ಚಿ ನಿಲ್ಲಿಸುವ ಹಸಿರು ಫೋಮ್ ಇಟ್ಟಿಗೆಯನ್ನಂತೂ ಇನ್ನು ಕೊಳ್ಳಲೇಬೇಡಿ. ಅದು ಪ್ಲಾಸ್ಟಿಕ್, ಪುಡಿಯಾಗಿ ಮಣ್ಣಲ್ಲೇ ಉಳಿಯುತ್ತದೆ. ಹೂದಾನಿಯೊಳಗೆ ಜಾಲರಿ ತಂತಿಯನ್ನು ಉಂಡೆ ಮಾಡಿ ಇಟ್ಟರೆ ಅದೇ ಕೆಲಸವಾಗುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಸಹಭೋಜನಕ್ಕೆಂದು ಕೊಳ್ಳುವ, ‘ಗೊಬ್ಬರವಾಗುತ್ತದೆ’ ಎಂದು ಬರೆದ ಲೋಟಗಳನ್ನೂ ನಂಬಬೇಡಿ. ಅವುಗಳಲ್ಲಿ ಹಲವು ದೊಡ್ಡ ಘಟಕಗಳ ಬಿಸಿಗೆ ಮಾತ್ರ ಕರಗುತ್ತವೆ, ನಿಮ್ಮ ತೊಟ್ಟಿಯಲ್ಲಿ ಹಾಗೆಯೇ ಉಳಿಯುತ್ತವೆ. ತೊಳೆದು ಬಳಸುವ ಲೋಟವೇ ಸರಿ. ಮಾಂಸ, ಎಣ್ಣೆ, ಬೇಯಿಸಿದ ಅಡುಗೆ ಬೇಡ, ಇಲಿ ಬರುತ್ತವೆ. ಪ್ರಭುಭೋಜನದ ರೊಟ್ಟಿ, ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರ ಆಶೀರ್ವದಿಸಿದ ಮರದ ಗರಿಗಳು ಇಲ್ಲಿಗೆ ಬರಬಾರದು. ಅವುಗಳಿಗೆ ನಿಮ್ಮ ಸಭೆಯ ಕ್ರಮವಿದೆ. ಗರಿಗಳನ್ನು ಸುಟ್ಟೇ ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಶುರುವಾಗುವ ಮುಂದಿನ ವರ್ಷದ ಬೂದಿ ಬುಧವಾರಕ್ಕೆ ಬೂದಿ ಮಾಡುವ ರೂಢಿಯುಂಟು.

ಪದರ ಹಾಕುವುದು: ಕೆಡುವುದು ಇಲ್ಲೇ

ಹೂವು, ತರಕಾರಿ ಸಿಪ್ಪೆ, ಹಸಿ ಹುಲ್ಲಿನಲ್ಲಿ ನೀರು ಮತ್ತು ಸಾರಜನಕ ಹೆಚ್ಚು. ಅವನ್ನೇ ರಾಶಿ ಹಾಕಿದರೆ ಕುಸಿದು ಅಂಟಾಗುತ್ತವೆ, ಗಾಳಿ ಆಡುವುದಿಲ್ಲ. ಗಾಳಿ ಇಲ್ಲದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳಿಂದಲೇ ಆ ನಾತ. ಆದ್ದರಿಂದ ಒಂದು ಬುಟ್ಟಿ ಹಸಿಗೆ ಎರಡರಿಂದ ಮೂರು ಬುಟ್ಟಿ ಒಣದ್ದು ಬೇಕು: ತರಗೆಲೆ, ಹರಿದ ರಟ್ಟು, ಹಳೆಯ ಆರಾಧನಾ ಕ್ರಮದ ಹಾಳೆಗಳು (ಹೊಳಪು ಕಾಗದ ಬೇಡ). ಕೆಲಸ ಶುರುಮಾಡುವ ಮೊದಲೇ ತೊಟ್ಟಿಯ ಪಕ್ಕ ತರಗೆಲೆಯ ನಾಲ್ಕಾರು ಮೂಟೆ ಕೂಡಿಡಿ. ಮೂಟೆ ಇಲ್ಲದಿದ್ದರೆ ಆ ವಾರ ಹೂವು ಹಾಕಲೇಬೇಡಿ.

ತಳದಲ್ಲಿ ಒಂದು ಗೇಣು ಕಡ್ಡಿ ಚೂರು ಹಾಸಿ. ಹೂವಿನ ಕಾಂಡಗಳನ್ನು ಬೆರಳುದ್ದ ಕತ್ತರಿಸಿ, ನಾಲ್ಕು ಬೆರಳು ದಪ್ಪ ಹರಡಿ. ಅದರ ಮೇಲೆ ಒಣ ಎಲೆ ಒಂದು ಗೇಣು. ಒಂದು ಹಿಡಿ ತೋಟದ ಮಣ್ಣು ಎರಚಿ. ಕೊನೆಯ ಪದರ ಯಾವಾಗಲೂ ಒಣದ್ದೇ ಆಗಿರಲಿ, ಒಂದು ಹೂವೂ ಮೇಲೆ ಕಾಣಬಾರದು. ನೊಣ ತಡೆಯುವ ಉಪಾಯ ಇದೇ.

ವಾರಕ್ಕೊಮ್ಮೆ ಒಳಗಿನಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆಯಾಗಿ ಬಂದರೆ ಎಲೆ ಸೇರಿಸಿ ಮಗುಚಿ. ಉಂಡೆ ನಿಲ್ಲದೆ ಉದುರಿದರೆ ನೀರು ಚಿಮುಕಿಸಿ. ಕಬ್ಬಿಣದ ಸರಳೊಂದನ್ನು ರಾಶಿಯ ನಡುವೆ ಐದು ನಿಮಿಷ ಚುಚ್ಚಿಟ್ಟು ಹೊರತೆಗೆದಾಗ ಬಿಸಿ ತಾಗಬೇಕು. ಚೆನ್ನಾಗಿ ಸಾಗಿದ ರಾಶಿ 55 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು, ಜೋಪಾನವಾಗಿ ಮುಟ್ಟಿ. ಗೊಬ್ಬರ ಬೇಗ ಆಗಲೆಂದು ಮಾರುವ ಪುಡಿಗಳಿಗೆ ಕಾಣಿಕೆಯ ಹಣ ಖರ್ಚು ಮಾಡಬೇಡಿ. ಆ ಹಿಡಿ ಮಣ್ಣಿನಲ್ಲಿ ಬೇಕಾದ ಜೀವಿಗಳೆಲ್ಲ ಇವೆ.

ಮಗುಚುವವರು ಯಾರು

‘ಸಭೆಯವರೆಲ್ಲ ನೋಡಿಕೊಳ್ಳುತ್ತಾರೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಆರಾಧನೆಯಲ್ಲಿ ಬೈಬಲ್ ವಾಚನ ಓದುವವರ ಪಟ್ಟಿಯ ಕೆಳಗೇ ಮಗುಚುವವರ ಹೆಸರೂ ಬರಲಿ, ವಾರಕ್ಕೆ ಇಬ್ಬರು. ಒಬ್ಬ ಹಿರಿಯರ ಜೊತೆ ಭಾನುವಾರ ಶಾಲೆಯ ಒಂದು ಮಗುವನ್ನು ಹಾಕುವುದು ನನಗೆ ಎಲ್ಲಕ್ಕಿಂತ ಇಷ್ಟ.

ಗೊಬ್ಬರ ಎಲ್ಲಿಗೆ

ಕಪ್ಪಾಗಿ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಆಯಿತು. ಹೊಸ ಸಸಿ ತಂದು ಫೋಟೊ ತೆಗೆಸಿಕೊಳ್ಳುವ ಆತುರ ಬೇಡ. ಫಲಕೊಡದ ಅಂಜೂರದ ಮರವನ್ನು ಕಡಿಯದೆ ಈ ವರ್ಷವೂ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎಂದ ತೋಟಗಾರನಂತೆ (ಲೂಕ 13:8) ಅಂಗಳದಲ್ಲಿ ಈಗಾಗಲೇ ಸೊರಗಿ ನಿಂತ ಮರಕ್ಕೆ ಮೊದಲು ಕೊಡಿ. ಉಳಿದದ್ದರಲ್ಲಿ ಆಯಾ ಋತುವಿನ ತರಕಾರಿ ಬೆಳೆಯಿರಿ. ಹೊಲದ ಅಂಚನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಯಾಜಕಕಾಂಡ 19 ಹೇಳುತ್ತದೆ, ಹಾಗೆಯೇ ಹೊರ ಬೇಲಿಯ ಪಕ್ಕದ ತರಕಾರಿ ಸಾಲನ್ನು ಬೇಕಾದವರು ಕೇಳದೆ ಕಿತ್ತುಕೊಳ್ಳಲು ಬಿಡಿ. ಈ ಹೊತ್ತಿಗೆ ಎರಡನೇ ತೊಟ್ಟಿ ಅರ್ಧ ತುಂಬಿರಬೇಕು. ಕ್ರಿಸ್ಮಸ್‌ಗೆ ಮುಂಚಿನ ಆಗಮನಕಾಲದ ಮಾಲೆಯ ಸೊಪ್ಪು ಕ್ರಿಸ್ಮಸ್ ಕಳೆದ ಮೇಲೆ ಅಲ್ಲಿಗೇ ಹೋಗಲಿ, ಕಡ್ಡಿಗಳನ್ನು ಮಾತ್ರ ಸಣ್ಣಗೆ ಕತ್ತರಿಸಿ.