ಕುಡುಗೋಲು ತಾಗಿದರೆ ಮೊದಲು ನೀರು
ಹುಲ್ಲು ಕೊಯ್ಯುವಾಗ ನನ್ನ ಹೆಬ್ಬೆರಳಿಗೆ ಕುಡುಗೋಲು ತಾಗಿತು. ಅತ್ತೆ ಕಾಫಿಪುಡಿ ಡಬ್ಬಿ ಹಿಡಿದು ಓಡಿ ಬಂದರು. ಬೇಡ ಅಂದೆ. ಪುಡಿ ಮೆತ್ತಿದರೆ ಕೊಳೆ ಒಳಗೇ ಉಳಿಯುತ್ತದೆ, ಅಲ್ವಾ?

ಒಗೆದ ಬಟ್ಟೆಯಿಂದ ಒತ್ತಿ ರಕ್ತ ನಿಲ್ಲಿಸಿ. ಮಣ್ಣು ಹೋಗುವ ತನಕ ನಲ್ಲಿ ನೀರಿಗೆ ಹಿಡಿಯಿರಿ. ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಿ ತೊಳೆದು, ಬಟ್ಟೆ ಕಟ್ಟಿ.

ಮರುದಿನ ಸ್ವಲ್ಪ ಕೆಂಪಗೆ, ಬಿಸಿಯಾಗಿ ಊದಿದರೆ ಹೆದರಬೇಡಿ. ರಕ್ತನಾಳ ಹಿಗ್ಗಿ ಬಿಳಿ ರಕ್ತಕಣಗಳು ಅಲ್ಲಿಗೆ ಬರುತ್ತಿವೆ. ರೋಗಾಣುಗಳನ್ನು ನುಂಗಿ ಅವೂ ಸಾಯುತ್ತವೆ. ಕೀವಿನಲ್ಲಿ ಜಾಸ್ತಿ ಇರುವುದು ಅವೇ. ಆದರೆ ಕೀವು ಕಂಡರೆ, ಕೆಂಪು ಹರಡಿದರೆ, ಜ್ವರ ಬಂದರೆ ಡಾಕ್ಟರ್ ಹತ್ತಿರ ಹೋಗಿ.

ಮಣ್ಣಿನ ರೋಗಾಣು ಗಾಯದೊಳಗೆ ಹೋಗಿ ಬರುವ ಧನುರ್ವಾಯು (ಟೆಟನಸ್) ಒಮ್ಮೆ ಬಂದು ಹೋದರೂ ದೇಹ ಅದನ್ನು ನೆನಪಿಡುವುದಿಲ್ಲ. ಲಸಿಕೆಯೇ ಕಲಿಸಬೇಕು. ಮಣ್ಣಾದ ಗಾಯವಾಗಿ, ಕೊನೆಯ ಇಂಜೆಕ್ಷನ್‌ಗೆ 5 ವರ್ಷ ದಾಟಿದ್ದರೆ ಅವತ್ತೇ ಹೋಗಿ ಹಾಕಿಸಿಕೊಳ್ಳಿ.